ಹೆಸರಿನ ಮುಂದಿನ ಅಕ್ಷರ

ಕೆ. ಎನ್. ಅಂದರೆ ನಾನು. ಎಂ. ಆರ್. ನನ್ನ ಪಕ್ಕ, ಮೂರನೇ ಬೆಂಚು. ಬಿ. ಆರ್. ನಮ್ಮ ಹಿಂದೆ, ಗೋಡೆ ಬದಿಗೆ. ಮೂವರದ್ದೂ ಒಂದೇ ಹೆಸರು. ಅರವತ್ತರ ದಶಕದ ಕೊನೆಗೆ ಸಾಗರದ ಸೀಮೆಯಲ್ಲಿ ಊರಿಗಿಬ್ಬರಂತೆ ಇದ್ದ ಹೆಸರು ಅದು. ಇಲ್ಲಿ ಅದನ್ನು ಬರೆದು ಆಗಬೇಕಾದ್ದೇನಿಲ್ಲ. ಹಾಜರಿ ಕೂಗುವಾಗ ಆ ಹೆಸರು ಬಂದರೆ ಮೂರು ದನಿ ಒಟ್ಟಿಗೆ ‘ಎಸ್ ಸಾರ್’ ಎನ್ನುತ್ತಿದ್ದವು. ಎರಡನೇ ದಿನಕ್ಕೇ ಮೇಷ್ಟ್ರು ಬೇಸತ್ತು ಹೆಸರನ್ನೇ ಬಿಟ್ಟರು. ಎಂಟನೇ ಕ್ಲಾಸಿನಿಂದ ಹತ್ತು ಮುಗಿಯುವ ತನಕ ನಾವು ಬರೀ ಇನಿಷಿಯಲ್ಲುಗಳು.

ನಮ್ಮ ಕಡೆ ಮೊದಲ ಅಕ್ಷರ ಊರಿನದು, ಎರಡನೆಯದು ಅಪ್ಪನದು. ಕೆ. ಅಂದರೆ ಕೆಳದಿ. ಬಿ. ಅಂದರೆ ಹೆಗ್ಗೋಡಿನ ಹತ್ತಿರದ ಭೀಮನಕೋಣೆ. ಎಂ. ಅಂದರೆ ಮಡೆನೂರು. ಕೆಳದಿಗೂ ಭೀಮನಕೋಣೆಗೂ ಬಸ್ಸಿತ್ತು. ಮಡೆನೂರಿಗೆ ಬಸ್ಸೂ ಇರಲಿಲ್ಲ, ದಾರಿಯೂ ಇರಲಿಲ್ಲ. ಅದು ಲಿಂಗನಮಕ್ಕಿ ಹಿನ್ನೀರಿನ ತಳದಲ್ಲಿತ್ತು. ಅಣೆಕಟ್ಟು ಆದದ್ದು 1964ರಲ್ಲಿ, ಎಂ. ಆರ್. ಹುಟ್ಟಿದ್ದು 1969ರಲ್ಲಿ. ತಾನು ಹುಟ್ಟುವ ಐದು ವರ್ಷ ಮೊದಲೇ ಮುಳುಗಿಹೋದ ಊರನ್ನು ಹೆಸರಿನ ಮುಂದೆ ಕಟ್ಟಿಕೊಂಡು ಅವಳು ಶಾಲೆಗೆ ಬರುತ್ತಿದ್ದಳು. ಆಗ ಇದು ಯಾರಿಗೂ ವಿಶೇಷವಾಗಿ ಕಂಡಿರಲಿಲ್ಲ. ಹೊಳೆಯಾಚೆಯಿಂದ ಬರುವ ಮಕ್ಕಳೆಂದರೆ ಹಾಗೇ, ಅವರ ಊರು ಒಂದು ಕಡೆ, ಮನೆ ಇನ್ನೊಂದು ಕಡೆ.

2025ಕ್ಕೆ ನಾವು ಎಸ್ಸೆಸ್ಸೆಲ್ಸಿ ಬರೆದು ನಲವತ್ತು ವರ್ಷ. ಹುಡುಗರು ಸೇರಿ ಒಂದು ಪಟ್ಟಿ ಮಾಡಿದ್ದರು. ಹುಡುಗರು ಅಂದರೆ ಈಗ ಮೊಮ್ಮಕ್ಕಳನ್ನು ಎತ್ತಿಕೊಂಡು ಓಡಾಡುವವರು. ನಮ್ಮ ಸೆಕ್ಷನ್ನಿನಲ್ಲಿ ಇದ್ದವರು 47 ಮಂದಿ. ಮೂವತ್ತೊಂದು ಹುಡುಗರಲ್ಲಿ ಇಪ್ಪತ್ತೆಂಟು ಜನರ ಫೋನ್ ನಂಬರು ಸಿಕ್ಕಿತ್ತು. ಉಳಿದ ಮೂವರ ಹೆಸರಿನ ಮುಂದೆ ‘ದಿವಂಗತ’ ಎಂದಿತ್ತು. ಅಲ್ಲಿಗೆ ಲೆಕ್ಕ ಚುಕ್ತಾ. ಹದಿನಾರು ಹುಡುಗಿಯರಲ್ಲಿ ಸಿಕ್ಕಿದ್ದು ನಾಲ್ವರು, ನಾನೂ ಸೇರಿ. ಮಿಕ್ಕವರ ಎದುರಿಗೆ ‘ಮದುವೆಯಾಗಿದೆ’ ಎಂದು ಬರೆದಿದ್ದರು, ದಿವಂಗತ ಎಂದು ಬರೆದಷ್ಟೇ ಖಚಿತವಾಗಿ.

ಸಿಟ್ಟು ಬಂತು. ಆದರೆ ಅವರದ್ದೂ ತಪ್ಪಿಲ್ಲ. ಗಂಡಸು ಸಿಕ್ಕದಿದ್ದರೆ ಅವನ ಊರಿಗೆ ಹೋಗಿ ಕೇಳಬಹುದು, ಅಲ್ಲಿ ಅವನ ಅಕ್ಷರವೂ ಜಮೀನೂ ಇರುತ್ತವೆ. ಹೆಣ್ಣಿನದು ಮದುವೆ ಮಂಟಪದಲ್ಲೇ ಕಳಚಿಬೀಳುತ್ತದೆ. ನನ್ನ ಕೆ.ಯೂ ಎನ್.ಊ 1992ರಲ್ಲಿ ಹೋದವು. ಈಗ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ನನ್ನ ಹೆಸರಿನ ಹಿಂದೆ ಗಂಡನ ಹೆಸರಿದೆ, ಮುಂದೆ ಏನೂ ಇಲ್ಲ. ಯಾರಾದರೂ ನನ್ನನ್ನು ಹುಡುಕಿಕೊಂಡು ಹೊರಟರೆ ಎಲ್ಲಿಂದ ಶುರುಮಾಡಬೇಕು?

ನನ್ನ ಹತ್ತಿರ ಒಂದು ಆಟೋಗ್ರಾಫ್ ಪುಸ್ತಕವಿತ್ತು. ಗುಲಾಬಿ, ಹಳದಿ, ತಿಳಿನೀಲಿ ಹಾಳೆಗಳು, ರಟ್ಟಿನ ಮೇಲೆ ಎರಡು ಹಂಸ. ಪರೀಕ್ಷೆಗೆ ಮೊದಲು ಎಲ್ಲರೂ ಎಲ್ಲರದ್ದರಲ್ಲೂ ಬರೆದದ್ದು. ಮರೆಯಬೇಡ ಎಂಬುದನ್ನೇ ಹದಿನೈದು ರೀತಿಯಲ್ಲಿ ಹೇಳಿದ್ದಾರೆ, ಅದರಲ್ಲಿ ಓದುವಂಥದ್ದೇನಿಲ್ಲ. ಆದರೆ ಪ್ರತಿ ಹಾಳೆಯ ಕೆಳಗೆ ವಿಳಾಸವಿದೆ. ಅದನ್ನು ಬ್ಯಾಗಿಗೆ ಹಾಕಿಕೊಂಡು ಡಿಸೆಂಬರಿನ ಒಂದು ರಾತ್ರಿ ಬೆಂಗಳೂರಿನಲ್ಲಿ ತಾಳಗುಪ್ಪದ ರೈಲು ಹತ್ತಿದೆ.

*

ಸಾಗರದ ನಿಲ್ದಾಣದ ಬೋರ್ಡಿನಲ್ಲಿ ‘ಸಾಗರ ಜಂಬಗಾರು’ ಎಂದಿದೆ. ಆ ಎರಡನೇ ಪದ ಊರಿನವರ ಬಾಯಲ್ಲಿ ನಾನು ಕೇಳಿದ್ದು ಕಡಿಮೆ. ಬೆಳಿಗ್ಗೆ ಮಂಜು ಇತ್ತು, ಎಲ್ಲಿಂದಲೋ ಅಡಿಕೆ ಬೇಯಿಸುವ ಚೊಗರಿನ ವಾಸನೆ ಬರುತ್ತಿತ್ತು. ಕೊಯ್ಲಿನ ಕಾಲ. ಈ ಕಾಲದಲ್ಲಿ ಯಾರ ಮನೆಗೆ ಹೋದರೂ ಮಾತಾಡಿಸುವ ಪುರಸೊತ್ತು ಇರುವುದಿಲ್ಲ, ಆದರೆ ಎಲ್ಲರೂ ಮನೆಯಲ್ಲೇ ಸಿಕ್ಕುತ್ತಾರೆ.

ಕರೆದೊಯ್ಯಲು ಬಂದವನು ನಮ್ಮ ಕ್ಲಾಸಿನವನೇ. ಅಡಿಕೆ ಮಂಡಿಯಲ್ಲಿ ರೈಟರ್ ಆಗಿ ಮೂವತ್ತು ವರ್ಷ ಕಳೆದವನು. ಮೂರು ವರ್ಷ ಒಂದೇ ಕೋಣೆಯಲ್ಲಿ ಕೂತಿದ್ದರೂ ನಾವಿಬ್ಬರೂ ಒಂದೇ ಒಂದು ಮಾತು ಆಡಿದವರಲ್ಲ. ಹುಡುಗರೂ ಹುಡುಗಿಯರೂ ಪರಸ್ಪರ ಮಾತಾಡುವ ಪದ್ಧತಿ ಆಗ ಇರಲಿಲ್ಲ. ಹಾಗಾಗಿ ನನ್ನನ್ನು ‘ಬನ್ನಿ’ ಅನ್ನಬೇಕೋ ‘ಬಾ’ ಅನ್ನಬೇಕೋ ಅವನಿಗೆ ಗೊತ್ತಾಗಲಿಲ್ಲ. ಬ್ಯಾಗು ಎತ್ತಿ ಓಮ್ನಿಯ ಹಿಂದಿನ ಸೀಟಿನಲ್ಲಿಟ್ಟು, ಆಕಾಶ ನೋಡಿಕೊಂಡು, “ತಿಂಡಿ ಆಗಬೇಕಲ್ಲ” ಎಂದ. ಕ್ರಿಯಾಪದದಲ್ಲಿ ನಾನು ಇರಲೇ ಇಲ್ಲ.

ಶಾಲೆಯಲ್ಲಿ ಈಗಿನ ಮುಖ್ಯೋಪಾಧ್ಯಾಯಿನಿ ಹಳೆಯ ದಾಖಲಾತಿ ಪುಸ್ತಕ ತೆಗೆಸಿದರು. ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ, ಅಂಚಿಗೆ ಗೆದ್ದಲು ಸವರಿದೆ. 1982ರ ಪುಟಗಳಲ್ಲಿ ನಾವು ಸಾಲಾಗಿ ಕೂತಿದ್ದೆವು. ಹುಟ್ಟಿದ ತಾರೀಖಿನ ಕಾಲಮ್ಮಿನಲ್ಲಿ ಮೇಲಿಂದ ಕೆಳಗೆ 1-6-69, 1-6-69, 1-6-68, 1-6-69. ಅರ್ಧಕ್ಕರ್ಧ ಜನ ಜೂನ್ ಒಂದರಂದೇ ಹುಟ್ಟಿದ್ದೇವೆ. ಮಗುವಿನ ಕೈ ತಲೆಯ ಮೇಲಿಂದ ಆಚೆ ಕಿವಿ ಮುಟ್ಟಿತೋ, ವಯಸ್ಸಾಯಿತು ಎಂದು ಊರಿನ ಮೇಷ್ಟ್ರು ಬರೆದುಕೊಂಡ ತಾರೀಖುಗಳು. ನಮ್ಮಲ್ಲಿ ಸರ್ಕಾರಿ ನೌಕರಿ ಹಿಡಿದವರಲ್ಲಿ ಅನೇಕರು 2029ರ ಮೇ 31ಕ್ಕೆ ಒಟ್ಟಿಗೇ ನಿವೃತ್ತರಾಗುತ್ತಾರೆ. ಮಂಡಿಯ ರೈಟರ್ ಗಟ್ಟಿಯಾಗಿ ನಕ್ಕ. “ನಂದು ನಿಜವಾಗ್ಲೂ ಜೂನ್ ಒಂದೇ. ಯಾರೂ ನಂಬೋದಿಲ್ಲ.”

ಊರಿನ ಕಾಲಮ್ಮಿನಲ್ಲಿ ಬೆರಳಿಟ್ಟು ಇಳಿದೆ. ಎಂ. ಆರ್.ಳ ಸಾಲಿನಲ್ಲಿ ‘ಮಡೆನೂರು’ ಎಂದು ಬರೆದು, ಅದರ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಬ್ಯಾಕೋಡು ಎಂದು ತಿದ್ದಿದ್ದರು. ಗುಮಾಸ್ತರ ಮಟ್ಟಿಗೆ ಅದು ಅಷ್ಟೇ ಕೆಲಸ.

ಆ ದಿನ ಪೇಟೆಯಲ್ಲೇ ಕಳೆಯಿತು. ಗುಡಿಗಾರರ ಹುಡುಗ ಸಿಕ್ಕಿದ. ಮನೆಯಿಂದ ಸಣ್ಣ ಉಳಿ ತಂದು ಎಲ್ಲರ ಡೆಸ್ಕಿನಲ್ಲೂ ಇನಿಷಿಯಲ್ ಕೆತ್ತಿ ಹೊಡೆತ ತಿಂದವನು ಇವನೇ. ನಾವೆಲ್ಲ ಕೆರೆದದ್ದು ಕೋಳಿ ಕೆದರಿದ ಹಾಗಿದ್ದರೆ ಅವನದ್ದು ದೇವಸ್ಥಾನದ ಕಂಬದ ಅಕ್ಷರ. ಗಂಧದ ಮರ ಸಿಗುವುದು ದುಸ್ತರವಾಗಿ ಈಗ ಹೆಚ್ಚಿನದೆಲ್ಲ ಶಿವನೆ ಮರದಲ್ಲಿ. ಮಾತಾಡುತ್ತಲೇ ಒಂದು ಗಣಪತಿಯ ಸೊಂಡಿಲಿನ ಮಡಿಕೆಗಳನ್ನು ಬಿಡಿಸುತ್ತಿದ್ದ; ಉಳಿಯ ಹಿಡಿಗೆ ಸಣ್ಣ ಕೊಡತಿಯಿಂದ ಮೂರು ಪೆಟ್ಟು, ಒಂದು ಊದು, ಮತ್ತೆ ಮೂರು ಪೆಟ್ಟು. ಚಕ್ಕೆ ಹಾರಿ ಕನ್ನಡಕಕ್ಕೆ ಬಡಿದರೂ ಕಣ್ಣು ಮಿಟುಕಿಸಲಿಲ್ಲ. ಇನ್ನೊಬ್ಬ, ನೀನಾಸಮ್‌ನ ತಿರುಗಾಟ ಅದೇ 1985ರಲ್ಲಿ ಶುರುವಾದಾಗಿನಿಂದ ಎಲ್ಲಿ ಪ್ರದರ್ಶನವಾದರೂ ಹಿಂದೆಯೇ ಹೋಗಿ ನೋಡುತ್ತಿದ್ದವನು, ಈಗ ಪೇಟೆಯಲ್ಲಿ ಔಷಧಿ ಅಂಗಡಿ ಇಟ್ಟಿದ್ದಾನೆ. ಗಣಿತದಲ್ಲಿ ನಮ್ಮನ್ನೆಲ್ಲ ಸೋಲಿಸುತ್ತಿದ್ದವನು ಕೊನೆಗೌಡನಾಗಿ ಮೂವತ್ತು ವರ್ಷ ಮರ ಹತ್ತಿ, ಮೊಣಕಾಲು ಹೋದಮೇಲೆ ಮಗನಿಗೆ ಉದ್ದನೆಯ ದೋಟಿ ಕೊಡಿಸಿ ನೆಲದ ಮೇಲಿಂದಲೇ ಕೊನೆ ಇಳಿಸುವುದನ್ನು ನೋಡುತ್ತಾನೆ. “ಮರ ಹತ್ತದೇ ಕೊಯ್ಲು ಅಂದ್ರೆ ಈಜದೇ ಹೊಳೆ ದಾಟಿದಂಗೆ” ಅಂದ. ಮೆಚ್ಚಿದನೋ ಹೀಯಾಳಿಸಿದನೋ ತಿಳಿಯಲಿಲ್ಲ.

ಹುಡುಗಿಯರು ಸಿಕ್ಕಿದ್ದು ಅಣ್ಣತಮ್ಮಂದಿರ ಮೂಲಕ. ಬಳೆ ಅಂಗಡಿಯ ಹುಡುಗಿ ಹುಬ್ಬಳ್ಳಿಯಲ್ಲಿ. ಇಬ್ಬರು ಬೆಂಗಳೂರಿನಲ್ಲಿ, ಅದರಲ್ಲಿ ಒಬ್ಬಳು ನನ್ನ ಮನೆಯಿಂದ ಎರಡೇ ಬಸ್‌ಸ್ಟಾಪಿನಾಚೆ, ಹದಿನಾಲ್ಕು ವರ್ಷದಿಂದ. ಭೀಮನಕೋಣೆಗೆ ಸಂಜೆ ಹೋದೆವು. ಬಿ. ಆರ್.ಳ ಅಣ್ಣ ಅಂಗಳದಲ್ಲಿ ನಿಂತೇ ಹೇಳಿದರು: 1997ರಲ್ಲಿ, ಎರಡನೇ ಹೆರಿಗೆಯಲ್ಲಿ. ಮಗು ಉಳಿಯಿತು, ಈಗ ಪುಣೆಯಲ್ಲಿ ಕೆಲಸ. ಒಳಗಿಂದ ಬೆಲ್ಲ, ನೀರು ತಂದುಕೊಟ್ಟರು. ಫೋಟೋ ಇದೆಯಾ ಎಂದು ಕೇಳುವ ಧೈರ್ಯ ನನಗಾಗಲಿಲ್ಲ.

*

ಮರುದಿನ ಹೊಳೆಯ ಕಡೆ. ಆವಿನಹಳ್ಳಿ ದಾಟಿ ಅಂಬಾರಗೋಡ್ಲಿನ ಇಳಿಜಾರಿಗೆ ಬಂದಾಗ ಮಂಡಿಯ ರೈಟರ್ ಅಭ್ಯಾಸಬಲದಿಂದ ಬ್ರೇಕ್ ಒತ್ತಿದ. ಇಲ್ಲಿ ಲಾಂಚಿಗೆ ಕಾಯುವ ಸಾಲು ಇರುತ್ತಿತ್ತು. ಈಗ ಎದುರಿಗೆ ಸೇತುವೆ. ಎರಡೂವರೆ ಕಿಲೋಮೀಟರಿಗೆ ಸ್ವಲ್ಪ ಕಡಿಮೆ ಉದ್ದ, ನಡುವೆ ಕೇಬಲ್‌ಗಳು ಎತ್ತಿ ಹಿಡಿದ ಭಾಗ, 470 ಕೋಟಿಗೂ ಮೀರಿದ ಖರ್ಚು. 2025ರ ಜುಲೈ 14ಕ್ಕೆ ಉದ್ಘಾಟನೆಯಾಯಿತು. ಹೊಳೆಯಾಚೆಯವರು ಇದಕ್ಕೆ ಕಾದದ್ದು ಅರವತ್ತು ವರ್ಷ. ಮುಳುಗಡೆಯ ಕಥೆಗಳನ್ನು ಬರೆದು, ಸಾಗರದಲ್ಲೇ ಬದುಕಿದ ನಾ. ಡಿಸೋಜ ಅವರು ಇದನ್ನು ನೋಡಲಿಲ್ಲ. ಆರು ತಿಂಗಳ ಮೊದಲು, ಜನವರಿ 5ರಂದು ತೀರಿಕೊಂಡಿದ್ದರು. ಲೋಕೋಪಯೋಗಿ ಇಲಾಖೆಯ ಕಚೇರಿಯಲ್ಲಿ ಕೆಲಸಕ್ಕಿದ್ದ ಆ ಮನುಷ್ಯ ಪೇಟೆಯಲ್ಲಿ ಎದುರಾದರೆ ನಾವು ಮಕ್ಕಳು ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದೆವು, ಲೇಖಕರು ಅಂತ. ಅವರು ಬರೆದದ್ದು ನಮ್ಮ ಪಕ್ಕದ ಬೆಂಚಿನವಳ ಅಪ್ಪನ ಕಥೆ ಎಂದು ತಿಳಿಯಲು ಅವರ ‘ದ್ವೀಪ’ ಕಾದಂಬರಿ ಸಿನಿಮಾ ಆಗಿ ಬರಬೇಕಾಯಿತು.

ದಾಟಿದ್ದು ಮೂರು ನಿಮಿಷ. ಲಾಂಚಿನಲ್ಲಾದರೆ ಬಸ್ಸು, ಜೀಪು, ದನ, ಮದುವೆ ದಿಬ್ಬಣ ಎಲ್ಲ ಹತ್ತಿ ಅತ್ತ ಕಳಸವಳ್ಳಿ ಮುಟ್ಟುವಷ್ಟರಲ್ಲಿ ಎರಡು ಮನೆಗಳ ಸಂಬಂಧ ಕುದುರುತ್ತಿತ್ತು. ಸಂಜೆಯ ಕೊನೆಯ ಲಾಂಚು ತಪ್ಪಿದರೆ ಮುಗಿಯಿತು, ಆ ದಿನದ ಮಟ್ಟಿಗೆ ಮನೆಯೇ ಇಲ್ಲ. ಎಂ. ಆರ್. ವಾರದ ದಿನಗಳಲ್ಲಿ ಸಾಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿರುತ್ತಿದ್ದಳು. ಶನಿವಾರ ಬೆಳಗಿನ ಶಾಲೆ ಬಿಟ್ಟ ತಕ್ಷಣ ಬಸ್‌ಸ್ಟ್ಯಾಂಡಿಗೆ ಓಡುತ್ತಿದ್ದಳು, ಚಪ್ಪಲಿ ಕೈಯಲ್ಲಿ ಹಿಡಿದು.

ಒಂದು ಬುಧವಾರವೂ ಓಡಿದಳು. 1984ರ ಅಕ್ಟೋಬರ್ 31. ಚಿಕ್ಕಮ್ಮನ ಮನೆಯವರು ಊರಲ್ಲಿರಲಿಲ್ಲ, ಹೊಳೆಯಾಚೆಗೆ ಹೊರಟಿದ್ದಳು. ಮಧ್ಯಾಹ್ನದ ಹೊತ್ತಿಗೆ ಇಂದಿರಾ ಗಾಂಧಿಯವರಿಗೆ ಗುಂಡು ಹೊಡೆದರಂತೆ ಎಂದು ಊರೆಲ್ಲ ಗುಸುಗುಸು, ಅಂಗಡಿಗಳು ಬಾಗಿಲೆಳೆದವು, ಬಸ್ಸುಗಳು ನಿಂತವು. ಸ್ಟ್ಯಾಂಡಿನಲ್ಲಿ ಒಬ್ಬಳೇ ನಿಂತಿದ್ದವಳನ್ನು ನನ್ನ ಅಪ್ಪ ಮನೆಗೆ ಕರೆತಂದರು. ನಾವು ಆಗ ಪೇಟೆಯಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ರೇಡಿಯೋದಲ್ಲಿ ಭದ್ರಾವತಿ ಹಾಕಿದರೆ ಬರೀ ಶೋಕದ ವಾದ್ಯಸಂಗೀತ. ಒಂದೇ ಕಂಬಳಿಯೊಳಗೆ ಮಲಗಿ ಅವಳು ಮಡೆನೂರಿನ ಕಥೆ ಹೇಳಿದ್ದು ಆ ರಾತ್ರಿ. ಅಲ್ಲೊಂದು ಹಳೆಯ ಅಣೆಕಟ್ಟಿತ್ತು, ಹಿರೇಭಾಸ್ಕರ, ಜೋಗದ ಮೊದಲ ವಿದ್ಯುದಾಗಾರಕ್ಕೆಂದು ಕಟ್ಟಿದ್ದು. ಹೊಸ ಅಣೆಕಟ್ಟಿನ ನೀರು ಹಳೆಯದನ್ನೇ ನುಂಗಿತು. ನೀರು ತೀರಾ ಇಳಿದ ಒಂದು ಬೇಸಿಗೆ ಅಪ್ಪ ಅವಳನ್ನು ಕರೆದೊಯ್ದು, ಒಣಗಿ ಬಿರುಕುಬಿಟ್ಟ ಕೆಸರಿನ ಮೇಲೆ ನಿಲ್ಲಿಸಿ, ಇಲ್ಲಿ ನಮ್ಮ ಕಟ್ಟೆ, ಇಲ್ಲಿ ಕೊಟ್ಟಿಗೆ, ಇದು ಬಾವಿ ಎಂದು ತೋರಿಸಿದ್ದರಂತೆ. “ನಂಗೆ ಬರೀ ಕೆಸರು ಕಂಡಿತ್ತು ಕಣೇ. ಆದ್ರೆ ಹೂಂ ಅಂದೆ” ಎಂದಿದ್ದಳು. ನಲವತ್ತೊಂದು ವರ್ಷ ಈ ಮಾತು ನನ್ನೊಳಗೆ ಇತ್ತು. ನಾನು ಹುಡುಕಿ ಹೊರಟಿದ್ದು ಹನ್ನೆರಡು ಜನರನ್ನಲ್ಲ, ಇವಳೊಬ್ಬಳನ್ನೇ ಎಂಬುದು ಸೇತುವೆಯ ಮೇಲೆ ನನಗೇ ಸ್ಪಷ್ಟವಾಯಿತು.

ತುಮರಿ ದಾಟಿ ಬ್ಯಾಕೋಡಿನ ಹತ್ತಿರ ಕೇಳಿ ಕೇಳಿ ಮನೆ ಹಿಡಿದೆವು. ಜಗಲಿಯ ತುಂಬ ಹಸಿ ಅಡಿಕೆ. ಆರೇಳು ಹೆಂಗಸರು ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಿದ್ದರು, ಸಿಪ್ಪೆ ಒಂದು ಕಡೆ, ಅಡಿಕೆ ಒಂದು ಕಡೆ, ಕೈ ನೋಡದೆಯೇ. “ಆಸರಿಗೆ ಎಂತ ಕೊಡ್ಲಿ?” ಎನ್ನುತ್ತ ಎಂ. ಆರ್.ಳ ಅಣ್ಣ ಎದ್ದರು. ಅರವತ್ತು ದಾಟಿದವರು. ಅವರೇ ಆ ಮನೆಯಲ್ಲಿ ಮಡೆನೂರಿನಲ್ಲಿ ಹುಟ್ಟಿದ ಕೊನೆಯವರು. ಲಾರಿಯಲ್ಲಿ ಸಾಮಾನಿನ ಜೊತೆ ಕೂರಿಸಿ ತಂದದ್ದು ನೆನಪಿಲ್ಲ, ಆದರೆ ಬಂದಮೇಲೆ ಎಷ್ಟೋ ವರ್ಷ ಅಜ್ಜಿ ರಾತ್ರಿ ಎದ್ದು ಕೊಟ್ಟಿಗೆ ಹುಡುಕಿಕೊಂಡು ಬೇರೆ ದಿಕ್ಕಿಗೆ ನಡೆಯುತ್ತಿದ್ದದ್ದು ನೆನಪಿದೆ ಎಂದರು. ಜಾಗದ ಕಾಗದಪತ್ರದ ಮಾತು ಬಂತು. ಶರಾವತಿ ಮುಳುಗಡೆಯವರ ಮನೆಗಳಲ್ಲಿ ಆ ಮಾತು ಬಾರದೆ ಇರುವುದಿಲ್ಲ. ಒಂದು ಪ್ಲಾಸ್ಟಿಕ್ ಚೀಲದ ತುಂಬ ಅರ್ಜಿಗಳನ್ನು ತಂದು ತೋರಿಸಿ, ನಾವು ಓದುವ ಮೊದಲೇ ಮಡಿಸಿ ಒಳಗಿಟ್ಟರು.

ತಂಗಿ ಶಿವಮೊಗ್ಗದಲ್ಲಿದ್ದಾಳೆ ಎಂದು ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅಡಿಕೆ ರಾಶಿಯ ಪಕ್ಕ ಇಟ್ಟರು.

“ಯಾರು ಬಂದಿದಾರೆ ಹೇಳು ನೋಡಾಣ.” ನನ್ನ ಹೆಸರು ಹೇಳಿದರು, ಅಂದರೆ ಅವಳ ಹೆಸರನ್ನೇ. “ಸಾಗರದಲ್ಲಿ ನಿನ್ ಜೊತೆ ಓದಿದವರಂತೆ. ಇವರ ಮನೇಲಿ ಒಂದು ರಾತ್ರಿ ಉಳಿದಿದ್ಯಂತೆ.”

ಆ ಕಡೆ ಸದ್ದಿಲ್ಲ. ಸಿಗ್ನಲ್ ಹೋಯಿತೆಂದು ಅವರು ಫೋನ್ ಎತ್ತಿಕೊಂಡು ಅಂಗಳಕ್ಕೆ ಇಳಿಯುವಷ್ಟರಲ್ಲಿ ದನಿ ಬಂತು.

“ತಮಾಷೆ ಮಾಡಬೇಡ ಅಣ್ಣಯ್ಯ. ಅವಳು ಹೋಗಿ ಎಷ್ಟು ವರ್ಷ ಆಯ್ತು.”

ಮೆಟ್ಟುಗತ್ತಿಗಳ ಸದ್ದು ಒಮ್ಮೆಲೇ ನಿಂತಿತು. ಸುಲಿಯುತ್ತಿದ್ದ ಹೆಂಗಸರೆಲ್ಲ ನನ್ನ ಕಾಲಿನತ್ತ ನೋಡಿದ ಹಾಗನ್ನಿಸಿತು. ಕಾರಿಗೆ ವಾಪಸ್ಸು ಬರುವಾಗ ಮಂಡಿಯ ರೈಟರ್, “ನೀ ಬದುಕಿರೋದಕ್ಕೆ ಸಾಕ್ಷಿ ಬೇಕಾದ್ರೆ ನಾ ಹೇಳ್ತೀನಿ ಮಾರಾಯ್ತಿ” ಎಂದ. ಏಕವಚನಕ್ಕೆ ಬಂದದ್ದು ಆಗಲೇ.

*

ಶಿವಮೊಗ್ಗದ ವಿನೋಬನಗರದಲ್ಲಿ ಅವಳ ಮನೆ. ಬಾಗಿಲು ತೆರೆದವಳು ಒಳಗೆ ಬಾ ಎನ್ನಲಿಲ್ಲ. ಮೊಣಕೈಯ ಮೇಲೆ ಹಿಡಿದಳು, ಸಂತೆಯಲ್ಲಿ ಬದನೆಕಾಯಿ ಹಿಚುಕಿ ನೋಡುವ ಹಾಗೆ ಎರಡು ಸಲ ಅದುಮಿದಳು.

“ನೀನು ಸತ್ತಿದ್ದೆ ಕಣೇ.”

“ಹೂಂ, ನಿಮ್ಮ ಅಣ್ಣ ಹೇಳಿದರು.”

ನಗು ಅಲ್ಲಿ ಶುರುವಾದದ್ದು ಕಾಫಿ ಆರುವ ತನಕ ನಿಲ್ಲಲಿಲ್ಲ. ಕಥೆ ಇಷ್ಟೇ. ಯಾರದೋ ಮದುವೆ ಮನೆಯಲ್ಲಿ ಯಾರೋ ಹೇಳಿದ್ದರು, ನಿಮ್ಮ ಕ್ಲಾಸಿನ ಇಂಥವಳು ಹೆರಿಗೆಯಲ್ಲಿ ಹೋದಳಂತೆ ಎಂದು. ಯಾವ ಇಂಥವಳು ಎಂದು ಕೇಳಿದರೆ ಹೇಳಿದವರಿಗೆ ಗೊತ್ತಿಲ್ಲ; ಮದುವೆಯಾದವಳ ಇನಿಷಿಯಲ್ ಯಾರಿಗೆ ನೆನಪಿರುತ್ತದೆ? ಮೂವರಲ್ಲಿ ಒಬ್ಬಳು ತಾನು, ತಾನು ಬದುಕಿದ್ದೇನೆ. ಮಿಕ್ಕ ಇಬ್ಬರಲ್ಲಿ ಅವಳ ಮನಸ್ಸಿಗೆ ಬಂದವಳು ನಾನು. ಮನೆಗೆ ಬಂದು ತಲೆಗೆ ಸ್ನಾನ ಮಾಡಿದಳಂತೆ. ಪ್ರತಿ ಅಕ್ಟೋಬರ್ 31ಕ್ಕೆ ಟಿವಿಯಲ್ಲಿ ಇಂದಿರಾ ಗಾಂಧಿಯವರ ಸಮಾಧಿ ತೋರಿಸುವಾಗ ನನ್ನ ನೆನಪಾಗುತ್ತಿತ್ತಂತೆ. ಗಂಡನಿಗೂ ಮಕ್ಕಳಿಗೂ ನನ್ನ ಕಥೆ ಬಾಯಿಪಾಠ. ಮಗಳು ಕೋಣೆಯಿಂದ ಬಂದು ನನ್ನನ್ನು ನೋಡಿ, “ಇವರೇನಾ ಕಂಬಳಿ ಆಂಟಿ?” ಎಂದಳು.

ಇಪ್ಪತ್ತೆಂಟು ವರ್ಷ ಒಬ್ಬರು ನಮ್ಮನ್ನು ನೆನೆದು ಮರುಗಿದ್ದಾರೆ ಎಂದು ತಿಳಿಯುವುದು ವಿಚಿತ್ರ ಸುಖ. ನಾಚಿಕೆಯಾಗುವಷ್ಟು ಸುಖ. ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ಮುಂದಿಟ್ಟುಕೊಂಡು ಊಟಕ್ಕೆ ಕೂತೆವು. ತೊಟ್ಟು ಹಿಡಿದು ಮಿಡಿಯನ್ನು ಕಚ್ಚುತ್ತಿದ್ದವಳು ತಟ್ಟನೆ ಕೈ ನಿಲ್ಲಿಸಿದಳು.

“ಹಂಗಾರೆ ಸತ್ತಿದ್ದು ಯಾರೇ?”

“ಬಿ. ಆರ್.”

“ಓ.” ತೊಟ್ಟನ್ನು ತಟ್ಟೆಯ ಅಂಚಿಗಿಟ್ಟಳು. ಸ್ವಲ್ಪ ಹೊತ್ತು ಬಿಟ್ಟು, “ಅವಳು ಹೆಂಗಿದ್ಲು?”

ಉದ್ದ ಜಡೆ ಎಂದೆ. ಉದ್ದ ಜಡೆ ಎಲ್ಲರಿಗೂ ಇತ್ತು. ಮಳೆಗಾಲದಲ್ಲಿ ಡೇರೆ ಹೂ ಮುಡಿದು ಬರುತ್ತಿದ್ದಳು ಎಂದೆ. ಅದು ಅವಳೋ ಬೇರೆಯವಳೋ ನನಗೂ ಖಾತ್ರಿಯಿರಲಿಲ್ಲ. ಹಿಂದಿನ ಬೆಂಚಿನಿಂದ ನಮ್ಮ ಬೆನ್ನು ನೋಡುತ್ತ ಮೂರು ವರ್ಷ ಕೂತವಳು. ನಾವಿಬ್ಬರೂ ತಿರುಗಿ ನೋಡಿದ್ದು ಕಡಿಮೆ.

ಬ್ಯಾಗಿನಿಂದ ಆಟೋಗ್ರಾಫ್ ತೆಗೆದೆ. ಎಂ. ಆರ್. ಕೈ ತೊಳೆದು ಸೆರಗಿಗೆ ಒರೆಸಿಕೊಂಡು ಒಂದೊಂದೇ ಹಾಳೆ ತಿರುಗಿಸಿದಳು. ಗುಲಾಬಿ ಬಣ್ಣದ್ದು ಅವಳದೇ. ಇನಿಷಿಯಲ್ ಹಾಕಿ, ಕೆಳಗೆ ಎರಡು ಗೆರೆ. ಮುಂದೆ ಒಂದು ನೀಲಿ ಹಾಳೆ. ನಾಲ್ಕು ಸಾಲು, ಭೀಮನಕೋಣೆಯ ವಿಳಾಸ, ಕೊನೆಗೆ ಬರೀ ಹೆಸರು. ಮುಂದೆ ಅಕ್ಷರಗಳಿಲ್ಲ. ನನ್ನ ಪುಸ್ತಕದಲ್ಲಾದರೂ ತಾನು ಹೆಸರಾಗಿರಲಿ ಎಂದು ಬಿಟ್ಟಿದ್ದಳೋ, ಮರೆತಿದ್ದಳೋ.

“ನಾನೇ ಬರೆದಂಗಿದೆ” ಎಂದಳು ಎಂ. ಆರ್. ಆಮೇಲೆ ಮಗಳ ಹತ್ತಿರ ಪೆನ್ನು ಕೇಳಿದಳು. ಹಾಳೆಯ ಹೊಳಪಿಗೆ ಶಾಯಿ ಹಿಡಿಯಲಿಲ್ಲ. ಅಂಚಿನಲ್ಲಿ ಎರಡು ಸಲ ಗೀಚಿ ನೋಡಿ, ಆ ಹೆಸರಿನ ಮುಂದಿದ್ದ ಸಣ್ಣ ಜಾಗದಲ್ಲಿ, ಡೆಸ್ಕಿನ ಮೇಲೆ ಗುಡಿಗಾರ ಹುಡುಗ ಕೆತ್ತುತ್ತಿದ್ದಷ್ಟು ನಿಧಾನವಾಗಿ, ಬಿ. ಎಂದು ಬರೆದಳು, ಆರ್. ಎಂದು ಬರೆದಳು.